ಅಮ್ಮನ ಮರೆವು, ಮಗಳ ಭಯ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದ ಅವಳಿಗೆ 29 ವರ್ಷ. ಅಮ್ಮ ಹೊಲಿಗೆಯವರು. ಊರಿನ ಅರ್ಧ ಹೆಂಗಸರ ರವಿಕೆ ಅಳತೆ ಅವರ ಬಾಯಲ್ಲೇ ಇರುತ್ತಿತ್ತು. 51ಕ್ಕೆ ಎಡತೋಳನ್ನು ಬಲಕ್ಕೆ ಜೋಡಿಸತೊಡಗಿದರು. 53ಕ್ಕೆ ಡಾಕ್ಟರ್ ಅಲ್ಜೈಮರ್, ಅಂದರೆ ಮರೆವಿನ ಕಾಯಿಲೆ, ಎಂದರು. ಅಜ್ಜಿಗೂ ಅದೇ ವಯಸ್ಸಿಗೆ 'ಅರಳುಮರಳು' ಆಗಿತ್ತಂತೆ.

ಮನೆಯಲ್ಲಿ ಮಗಳ ಮದುವೆ ಮಾತು ನಡೆದಿತ್ತು. "ಮೇಡಂ, ಮೆದುಳನ್ನು ಕಾಯುವ ಜೀನ್ ಇದೆಯಂತೆ. ನನಗಿದ್ದರೆ ಮದುವೆಗೆ ಹೂಂ ಅಂತೀನಿ" ಅಂದಳು.

ಅವಳು ಓದಿದ್ದು ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದ ಮಹಿಳೆಯೊಬ್ಬರ ಬಗ್ಗೆ. ಅಲ್ಲಿನ ದೊಡ್ಡ ಬಳಗವೊಂದರಲ್ಲಿ ಪ್ರೆಸೆನಿಲಿನ್-1 ಎಂಬ ಜೀನಿನ ದೋಷ ತಲೆಮಾರುಗಳಿಂದ ಇಳಿದು ಬಂದಿದೆ. ಅದಿದ್ದವರಿಗೆ 44ರ ಸುಮಾರಿಗೇ ಮರೆವು ಶುರು. ಈಕೆಗೂ ಆ ದೋಷವಿತ್ತು, ಆದರೂ ಎಪ್ಪತ್ತರವರೆಗೆ ನೆನಪು ಗಟ್ಟಿಯಾಗಿತ್ತು. ಎಪಿಒಇ ಎಂಬ ಇನ್ನೊಂದು ಜೀನಿನ 'ಕ್ರೈಸ್ಟ್‌ಚರ್ಚ್' ಎಂಬ ರೂಪ ಆಕೆಗೆ ತಂದೆ, ತಾಯಿ ಇಬ್ಬರಿಂದಲೂ ಬಂದಿತ್ತು. 2019ರಲ್ಲಿ ಇದು ವರದಿಯಾಯಿತು. ಅಮೈಲಾಯ್ಡ್, ಟೌ ಎರಡೂ ಈ ಕಾಯಿಲೆಯಲ್ಲಿ ಮೆದುಳಲ್ಲಿ ಕೂಡಿಕೊಳ್ಳುವ ಪ್ರೋಟೀನುಗಳು. ಆಕೆಯ ಮೆದುಳಲ್ಲಿ ಅಮೈಲಾಯ್ಡ್ ರಾಶಿ ಬಿದ್ದಿತ್ತು, ಟೌ ಮಾತ್ರ ಕಡಿಮೆ. ಅದೇ ಬಳಗದಲ್ಲಿ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ರೂಪ ಪಡೆದ 27 ಜನರಿಗೆ ಕಾಯಿಲೆ ಸುಮಾರು 5 ವರ್ಷ ತಡವಾಯಿತು ಎಂದು 2024ರಲ್ಲಿ ಗೊತ್ತಾಯಿತು.

ಓದಿದರೆ ಆಸೆ ಹುಟ್ಟುವುದು ಸಹಜ ಅಲ್ವಾ? ನನಗೂ ಹುಟ್ಟಿತ್ತು. ಆದರೆ ಆ ರೂಪ ತೀರಾ ಅಪರೂಪ. ಅದನ್ನು ನಂಬಿಕೊಂಡು ಮದುವೆ ನಿರ್ಧಾರ ಬೇಡ ಅಂದೆ. ಸಾಮಾನ್ಯವಾಗಿ ಮಾಡುವ ಎಪಿಒಇ ಟೆಸ್ಟ್ 2, 3, 4 ಎಂಬ ರೂಪಗಳನ್ನಷ್ಟೇ ಹೇಳುತ್ತದೆ. 4 ಇದ್ದರೆ ಅಪಾಯ ಜಾಸ್ತಿ. ಆದರೆ ಅದಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರಬಹುದು.

"ಮೊದಲು ನಿನ್ನದಲ್ಲ, ಅಮ್ಮನ ಪರೀಕ್ಷೆ ಆಗಬೇಕು" ಅಂದೆ. ಕಾಯಿಲೆ ಇರುವುದು ಅವರಿಗೆ. ಅವರಲ್ಲಿ ಪ್ರೆಸೆನಿಲಿನ್-1ರಂಥ ಜೀನಿನ ದೋಷ ಸಿಕ್ಕರೆ ಮಕ್ಕಳು ಒಬ್ಬೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಲ್ಲಿ ಏನೂ ಸಿಗದೆ ಮಗಳ ರಕ್ತ ನೋಡಿದರೆ ಹೇಳುವಂಥದ್ದು ಹೆಚ್ಚೇನೂ ಇರುವುದಿಲ್ಲ. ನರರೋಗ ತಜ್ಞರ ಜೊತೆ ಜೀನ್ ಪರೀಕ್ಷೆ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಅವರನ್ನೂ ಕಾಣಲು ಹೇಳಿದೆ. ಇನ್ನೊಂದನ್ನು ಒತ್ತಿ ಹೇಳಿದೆ: ಅಮ್ಮನನ್ನು ಕೇಳದೆ ರಕ್ತ ತೆಗೆಸಬೇಡ. ಮರೆವಿದ್ದರೂ ಅವರಿಗೆ ಅರ್ಥವಾಗುತ್ತದೆ.

ಅವಳ ಸ್ವಂತ ಟೆಸ್ಟ್‌ಗೆ ಅವಸರವಿಲ್ಲ. ದೋಷ ಇದೆ ಎಂದು ಗೊತ್ತಾದರೂ ಕಾಯಿಲೆಯನ್ನು ತಡೆದು ನಿಲ್ಲಿಸುವ ಔಷಧಿ ಇವತ್ತು ಇಲ್ಲ. ಒಮ್ಮೆ ತಿಳಿದ ಮೇಲೆ ತಿಳಿಯದ ಹಾಗೆ ಇರಲಾಗದು. ಹುಡುಗನಿಗೆ ಅಮ್ಮನ ಕಾಯಿಲೆ ವಿಷಯ ಬ್ರೋಕರ್ ಬಾಯಿಂದ ಹೋಗುವ ಬದಲು ನೀನೇ ಹೇಳು ಅಂದೆ.

ಆರು ವಾರದ ನಂತರ ಮತ್ತೆ ಬಂದಳು. "ನಿಮಗೆ ಉಪಯೋಗ ಆಗುತ್ತೇನೇ? ಹಾಗಿದ್ರೆ ತಗೊಳ್ಳಿ" ಎಂದು ಅಮ್ಮ ಕೈ ಚಾಚಿದರಂತೆ. ರಿಪೋರ್ಟ್ ಇನ್ನೂ ಬಂದಿಲ್ಲ. ಹುಡುಗನಿಗೆ ಭಾನುವಾರ ಹೇಳುತ್ತೇನೆ ಅಂದಳು.