ಮೂಗಿನ ಬಳಿಯ ಆ ಎರಡು ಬೆರಳು ತೆಗೆಯಿರಿ

ಶಿವಮೊಗ್ಗ ಜಿಲ್ಲೆಯ ತವರಿನಲ್ಲಿ ಬಾಣಂತನಕ್ಕಿರುವ ತಾಯಿಯೊಬ್ಬರ ಪತ್ರ. ಚೊಚ್ಚಲ ಮಗುವಿಗೆ 24 ದಿನ. ಹುಟ್ಟಿದಾಗ 2.9 ಕೆ.ಜಿ., ಈಗ 3.2. ಹಾಲಿಗೆ ಕೊರತೆಯಿಲ್ಲ. ಆದರೆ ಮಗು ಬಾಯಿ ಹಾಕಿದೊಡನೆ ಜೀವ ಹೋಗುವಂಥ ನೋವು. ಎರಡೂ ತೊಟ್ಟು ಒಡೆದಿವೆ, ಕುಡಿಸಿದ ಮೇಲೂ ಅರ್ಧ ಗಂಟೆ ಉರಿ. ಶಿಲೀಂಧ್ರದ ಸೋಂಕೆಂದು ಎರಡು ಸಲ ಮುಲಾಮು ಹಚ್ಚಿದರೂ ಗುಣವಾಗಿಲ್ಲ. ಗಂಡ ಫೋನಿನಲ್ಲಿ ಡಬ್ಬಿ ಹಾಲು ಕೊಡು ಅನ್ನುತ್ತಾರೆ, ದೊಡ್ಡಮ್ಮ ‘ನಾವೆಲ್ಲ ಹೆತ್ತಿಲ್ವಾ, ತಡ್ಕೋ’ ಅನ್ನುತ್ತಾರೆ. ‘ನಾನು ಕೆಟ್ಟ ತಾಯಿಯೇ?’ ಎಂದು ಕೇಳಿದ್ದಾರೆ.

ಅಲ್ಲಮ್ಮ, ಖಂಡಿತ ಅಲ್ಲ. 24 ದಿನ ಒಡೆದ ತೊಟ್ಟಿನಲ್ಲಿ ಹಾಲೂಡಿಸಿದವರು ಕೇಳಬೇಕಾದ ಪ್ರಶ್ನೆಯೇ ಅದಲ್ಲ.

ಪತ್ರದ ಕೊನೆಯಲ್ಲಿ ಏನೂ ಅಲ್ಲವೆಂಬಂತೆ ನೀವೊಂದು ಸಾಲು ಬರೆದಿದ್ದೀರಿ: ‘ಮೂಗು ಮುಚ್ಚಿಕೊಳ್ಳಬಾರದೆಂದು ದೊಡ್ಡಮ್ಮ ಹೇಳಿಕೊಟ್ಟ ಹಾಗೆ ಎರಡು ಬೆರಳಲ್ಲಿ ಎದೆ ಒತ್ತಿ ಹಿಡಿದೇ ಕುಡಿಸುತ್ತೇನೆ. ಮಗು ಬಿಟ್ಟಾಗ ತೊಟ್ಟು ಓರೆಯಾಗಿ ಚಪ್ಪಟೆಯಾಗಿರುತ್ತೆ, ತುದಿ ಬಿಳಿಚಿಕೊಂಡಿರುತ್ತೆ.’ ನನ್ನ ಕಣ್ಣು ನಿಂತದ್ದು ಅಲ್ಲೇ.

ತೊಟ್ಟು ಮಗುವಿನ ಬಾಯಿಯ ಹಿಂಭಾಗಕ್ಕೆ, ಅಂಗುಳ ಮೆತ್ತಗಾಗುವ ಜಾಗದ ತನಕ ಹೋಗಬೇಕು. ಅಲ್ಲಿ ಅದನ್ನು ಏನೂ ಜಜ್ಜುವುದಿಲ್ಲ. ನೀವು ಮೂಗಿನ ಬಳಿ ಒತ್ತಿದಾಗ ಎದೆ ಹಿಂದಕ್ಕೆ ಸರಿದು, ತೊಟ್ಟು ಬಾಯಿಯ ಮುಂಭಾಗಕ್ಕೆ ಜಾರುತ್ತದೆ. ನಾಲಿಗೆ ಅದನ್ನು ಗಟ್ಟಿ ಅಂಗುಳಕ್ಕೆ ಒತ್ತಿ ಹಿಂಡುತ್ತದೆ. ಓರೆಯಾಗುವುದು ಅದಕ್ಕೇ. ಹಿಂಡಿದ ತೊಟ್ಟಿನಲ್ಲಿ ರಕ್ತನಾಳ ಬಿಗಿದು ತುದಿ ಬಿಳಿಚುತ್ತದೆ, ರಕ್ತ ಮರಳುವಾಗ ಉರಿಯುತ್ತದೆ. ಇದನ್ನು ಸೋಂಕೆಂದು ತಿಳಿಯುವುದು ತೀರಾ ಸಾಮಾನ್ಯ. ಕಾರಣ ಇದಾದರೆ ಮುಲಾಮು ಏನು ಮಾಡೀತು?

ನಿಮ್ಮ ಗಂಡನ ಮೇಲೆ ನನಗೆ ಸಿಟ್ಟಿಲ್ಲ. ದೂರದಲ್ಲಿ ಅಳು ಕೇಳಿಸಿಕೊಂಡವರು ಅವರು. ದೊಡ್ಡಮ್ಮನ ಮೇಲಿದೆ. ನೋವು ಕೊಡುವ ಪಾಠವನ್ನೂ ಅವರೇ ಕಲಿಸಿ, ತಡೆದುಕೋ ಎಂದೂ ಅವರೇ ಹೇಳುತ್ತಿದ್ದಾರೆ. ಹಾಲೂಡಿಸುವಾಗ ಕೊನೆಯವರೆಗೂ ಉಳಿಯುವ ನೋವು ತಡೆದುಕೊಳ್ಳಬೇಕಾದದ್ದಲ್ಲ, ಸರಿಪಡಿಸಬೇಕಾದದ್ದು. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಲದು.

ಮಗು ಉಸಿರುಗಟ್ಟುವ ಭಯವೇ? ಮಗುವಿನ ಮೂಗು ಚಪ್ಪಟೆ, ಎದೆಗೆ ತಾಗಿದರೂ ಹೊಳ್ಳೆಗಳ ಪಕ್ಕದಿಂದ ಗಾಳಿ ಆಡುತ್ತದೆ. ಮುಚ್ಚಿದಂತೆ ಕಂಡರೆ ಎದೆ ಒತ್ತಬೇಡಿ, ಮಗುವಿನ ಕುಂಡಿಯನ್ನು ನಿಮ್ಮ ಮೈಗೆ ಇನ್ನಷ್ಟು ಎಳೆದುಕೊಳ್ಳಿ. ತಲೆ ತಾನಾಗಿ ಹಿಂದಕ್ಕೆ ವಾಲಿ ಮೂಗು ಬಿಡುವಾಗುತ್ತದೆ.

ಬಿಗಿಯಾಗಿ ಸುತ್ತಿದ ಬಟ್ಟೆ ಮೊದಲು ಬಿಚ್ಚಿ. ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಲಿ. ತಲೆಯ ಹಿಂಭಾಗ ದೂಡಬೇಡಿ, ಕತ್ತಿನ ಬುಡ ಹಿಡಿಯಿರಿ. ತೊಟ್ಟು ಬಾಯಿಯ ನೇರಕ್ಕಲ್ಲ, ಮೂಗಿನ ನೇರಕ್ಕೆ ಇರಲಿ. ಆಕಳಿಸುವಷ್ಟು ಬಾಯಿ ತೆರೆಯುವತನಕ ಕಾಯಿರಿ. ತೆರೆದ ಕ್ಷಣ ಮಗುವನ್ನೇ ಎದೆಯ ಕಡೆಗೆ ತನ್ನಿ, ಗದ್ದ ಮೊದಲು ಎದೆಗೆ ಒತ್ತಲಿ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು, ಕೆಳದುಟಿಯ ಬಳಿ ಕಡಿಮೆ ಕಂಡರೆ ಸರಿಯಾಗಿದೆ. ಎದೆ ಭಾರವಾದರೆ ಕೈಯನ್ನು ಕೆಳಗೆ, ಪಕ್ಕೆಲುಬಿನ ಹತ್ತಿರ ಆನಿಸಿ. ಅರ್ಧ ನಿಮಿಷದ ಮೇಲೂ ನೋಯುತ್ತಿದ್ದರೆ ಎಳೆದು ಬಿಡಿಸಬೇಡಿ, ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ ಬಿಡಿಸಿ, ಮತ್ತೆ ಹಾಕಿಕೊಳ್ಳಿ. ಐದು ಸಲವಾದರೂ ಸರಿ.

ಒಂದು ಕಡೆ ಮುಟ್ಟಲೂ ಆಗದಿದ್ದರೆ ಒಂದು ದಿನ ಆ ಕಡೆಯ ಹಾಲನ್ನು ಎರಡು-ಮೂರು ಗಂಟೆಗೊಮ್ಮೆ ಕೈಯಲ್ಲಿ ಹಿಂಡಿ ಒಳಲೆಯಲ್ಲಿ ಕುಡಿಸಿ. ತೊಟ್ಟಿಗೆ ಸೋಪು, ಡೆಟಾಲ್ ಬೇಡ. ಕುಡಿಸಿದ ಕೂಡಲೇ ಒಣ ಬೆಚ್ಚನೆ ಬಟ್ಟೆ ಮುಚ್ಚಿ, ಉರಿ ತಗ್ಗುತ್ತದೆ. ಪ್ಯಾರಾಸಿಟಮಾಲ್ 500 ಎಂ.ಜಿ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದು. ಎಣ್ಣೆಸ್ನಾನದ ಹೊತ್ತಿನಲ್ಲಿ ಯಾರೂ ಎದೆಯ ಗಂಟು ಹಿಸುಕಬಾರದು, ಊತ ಹೆಚ್ಚುತ್ತದೆ. ಒಂದು ಜಾಗ ಕೆಂಪಾಗಿ ಗಟ್ಟಿಯಾಗಿ, ಜ್ವರ 101 ಡಿಗ್ರಿ ಮುಟ್ಟಿದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ಹಾಲು ಕುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

28ನೇ ದಿನಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಮಾತಲ್ಲಿ ಹೇಳಿ ಕಳಿಸಬೇಡಿ, ಅವರೆದುರೇ ಕುಡಿಸಿ ತೋರಿಸಿ. ಅಷ್ಟರಲ್ಲೂ ತೊಟ್ಟು ಓರೆಯಾಗಿಯೇ ಬರುತ್ತಿದ್ದರೆ ಮಕ್ಕಳ ವೈದ್ಯರು ಕೂಸಿನ ನಾಲಿಗೆಯಡಿಯ ಪೊರೆ ಗಿಡ್ಡವಾಗಿದೆಯೇ ಎಂದು ನೋಡಬೇಕು.

ಇಷ್ಟೆಲ್ಲ ನೆನಪಿರದಿದ್ದರೂ ಇವತ್ತು ರಾತ್ರಿ ಒಂದನ್ನು ಮಾಡಿ: ಆ ಎರಡು ಬೆರಳು ತೆಗೆಯಿರಿ. ದೊಡ್ಡಮ್ಮ ಕೇಳಿದರೆ, ಮಗು ಬಿಟ್ಟ ಮೇಲೆ ತೊಟ್ಟಿನ ಆಕಾರ ತೋರಿಸಿ.