ಟ್ರೆಮ್-2 ಆಂಟಿಬಾಡಿ: ಗೆರೆ ಬದಲು ಮಸಿ ಬಂದರೆ?

ಟ್ರೆಮ್-2 ಅಂದರೆ ಮ್ಯಾಕ್ರೋಫೇಜ್‌ನಂಥ ರೋಗನಿರೋಧಕ ಕೋಶಗಳ ಮೈಮೇಲಿರುವ ಪ್ರೋಟೀನ್. ಇಲಿಯ ಮ್ಯಾಕ್ರೋಫೇಜ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಅದಕ್ಕೆ 25 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಗೆರೆ ಬರಬೇಕಿತ್ತು, ಅದಕ್ಕಿಂತ ಮೇಲೆ ಮಸಿ ಒರೆಸಿದ ಹಾಗೆ ಬಂದಿದೆ, ಆಂಟಿಬಾಡಿ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿರಲೇಬೇಕು ಅಂತೇನಿಲ್ಲ. ಟ್ರೆಮ್-2ಗೆ ಸಕ್ಕರೆ ಸರಪಳಿಗಳು ಅಂಟಿಕೊಂಡಿರುತ್ತವೆ, ಅದಕ್ಕೇ ಹರಡಿಕೊಳ್ಳುತ್ತದೆ. ಅದೇ ಲೈಸೇಟ್‌ಗೆ (ಕೋಶ ಒಡೆದು ತೆಗೆದ ರಸ) ಆ ಸಕ್ಕರೆ ಕತ್ತರಿಸುವ ಪಿಎನ್‌ಜಿಏಸ್ ಎಫ್ ಕಿಣ್ವ ಹಾಕಿ ಮತ್ತೆ ಓಡಿಸಿ, ಮಸಿ ಕೆಳಗಿಳಿದು ಗೆರೆಯಾದರೆ ಅರ್ಧ ಅನುಮಾನ ಹೋಯಿತು. ಉಳಿದರ್ಧಕ್ಕೆ ಟ್ರೆಮ್-2 ಜೀನ್ ಇಲ್ಲದಂತೆ ಮಾಡಿದ ನಾಕೌಟ್ ಇಲಿಯ ಕೋಶ ಬೇಕೇ ಬೇಕು, ಅದರಲ್ಲಿ ಆ ಗೆರೆ ಬರಬಾರದು. ನಾನು ಅದಿಲ್ಲದೆ ಸುಮ್ನೆ ಎರಡು ತಿಂಗಳು ಕಳೆದೆ!

ಇನ್ನೊಂದು, ಆಡಮ್10 ಕಿಣ್ವ ಟ್ರೆಮ್-2ನ ಹೊರಭಾಗವನ್ನು ಕತ್ತರಿಸಿ ಮೀಡಿಯಂಗೆ (ಕೋಶ ಬೆಳೆಸುವ ದ್ರವ) ಬಿಡುತ್ತದೆ, ಕೋಶದೊಳಗಿರುವ ಸಿ-ತುದಿಯನ್ನು ಹಿಡಿಯುವ ಆಂಟಿಬಾಡಿಗೆ ಆ ತುಂಡು ಕಾಣುವುದಿಲ್ಲ. ಫ್ಲೋ ಸೈಟೋಮೆಟ್ರಿ (ಹೊಳೆಯುವ ಆಂಟಿಬಾಡಿ ಅಂಟಿಸಿ ಕೋಶಗಳನ್ನು ಒಂದೊಂದಾಗಿ ಅಳೆಯುವುದು) ಮಾಡುವುದಾದರೂ ಹೊರಭಾಗ ಹಿಡಿಯುವುದನ್ನೇ ತಗೊಳ್ಳಿ. ಮೊದಲು ಎಫ್‌ಸಿ ಬ್ಲಾಕ್ (ಆಂಟಿಬಾಡಿಯ ಬಾಲವಾದ ಎಫ್‌ಸಿ ಭಾಗ ಅಂಟುವ ಜಾಗ ಮುಚ್ಚುವುದು) ಹಾಕಿ, ಮ್ಯಾಕ್ರೋಫೇಜ್‌ನಂಥ ಮೈಲಾಯ್ಡ್ ಕೋಶಗಳು ಸಿಕ್ಕ ಸಿಕ್ಕ ಆಂಟಿಬಾಡಿಯ ಬಾಲ ಹಿಡಿದುಕೊಳ್ಳುವುದು ಜಾಸ್ತಿ.