ಓದುಗರ ಪ್ರಶ್ನೆ, ಬಳಗದ ಉತ್ತರ: ರಾಶಿ ಯಂತ್ರ ಮುರಿದ ಕೂಲಿಗಳು

ಪ್ರಶ್ನೆ: ನಮ್ಮ ಕಡೆ ತೊಗರಿ ರಾಶಿಗೆ ಮಷೀನು ಬಂದಾಗ ಕೂಲಿಯವರು ಬೇರೆ ಕೆಲಸ ಹುಡುಕಿದರು, ಇಲ್ಲವೇ ಗುಳೆ ಹೋದರು. 1830ರಲ್ಲಿ ಇಂಗ್ಲೆಂಡಿನ ಕೂಲಿಗಳು ಯಂತ್ರವನ್ನೇ ಮುರಿದದ್ದು ಯಾಕೆ? (ಸೇಡಂ)

ಉತ್ತರ: ಅಲ್ಲಿ ಸುಗ್ಗಿ ಮುಗಿದ ಮೇಲೆ, ನವೆಂಬರಿನಿಂದ ವಸಂತದವರೆಗೆ, ಹೊಲದಲ್ಲಿ ಹೆಚ್ಚು ಕೆಲಸ ಇರುತ್ತಿರಲಿಲ್ಲ. ಆಗ ಗಂಡಾಳುಗಳ ಮನೆ ನಡೆಸುತ್ತಿದ್ದದ್ದು ರಾಶಿ ಕೆಲಸ. ಕೊಟ್ಟಿಗೆಯ ನೆಲದ ಮೇಲೆ ತೆನೆ ಹರವಿ, ತೊಗಲಿನಿಂದ ಜೋಡಿಸಿದ ಎರಡು ಕೋಲಿನ ಬಡಿಗೆಯಿಂದ ವಾರಗಟ್ಟಲೆ ಬಡಿಯುತ್ತಿದ್ದರು. ಕುದುರೆಗಳು ತಿರುಗಿಸುವ ಯಂತ್ರ ಕಸಿದುಕೊಂಡದ್ದು ಸರಿಯಾಗಿ ಈ ತಿಂಗಳುಗಳನ್ನೇ. ಕಳೆ, ಕೊಯ್ಲು ಆಗಲೂ ಹೆಚ್ಚಾಗಿ ಕೈಯಿಂದಲೇ ನಡೆಯುತ್ತಿತ್ತು.

ಅವರಿಗೆ ಗುಳೆಯ ದಾರಿಯೂ ಸಲೀಸಾಗಿರಲಿಲ್ಲ. ಬಡವರಿಗೆ ಪರಿಹಾರ ಕೊಡುವ ಹೊಣೆ ಆಯಾ ಚರ್ಚ್ ವಲಯದ್ದು, ಅದೂ ತನ್ನವರೆಂದು ಸಾಬೀತಾದವರಿಗೆ ಮಾತ್ರ. ಬೇರೆ ಊರಲ್ಲಿ ಪೂರ್ತಿ ಒಂದು ವರ್ಷ ಆಳಾಗಿ ದುಡಿದರೆ ಅಲ್ಲಿ ಆ ಹಕ್ಕು ಸಿಗುತ್ತಿತ್ತು. ಅದನ್ನು ತಪ್ಪಿಸಲು ಎಷ್ಟೋ ರೈತರು 51 ವಾರಕ್ಕೇ ಆಳನ್ನು ಬಿಡಿಸುತ್ತಿದ್ದರು. ನಮ್ಮ ದೃಷ್ಟಿಯಲ್ಲಿ ಯಂತ್ರದಷ್ಟೇ ಕ್ರೂರವಾದದ್ದು ಈ ಲೆಕ್ಕಾಚಾರ. ಮೊದಲು ಯಜಮಾನನ ಮನೆಯಲ್ಲೇ ಉಂಡು ಮಲಗುತ್ತಿದ್ದ ವರ್ಷದ ಆಳುಗಳು ವಾರದ, ದಿನದ ಕೂಲಿಗಳಾದರು. 1815ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ ಕೆಲಸಕ್ಕಿಂತ ಕೈಗಳೇ ಹೆಚ್ಚಾದವು. 1828, 1829ರಲ್ಲಿ ಬೆಳೆಯೂ ಕೈಕೊಟ್ಟಿತು.

1830ರ ಆಗಸ್ಟ್ 28ರ ರಾತ್ರಿ ಕೆಂಟ್ ಪ್ರಾಂತದ ಲೋವರ್ ಹಾರ್ಡ್ರೆಸ್‌ನಲ್ಲಿ ಮೊದಲ ಯಂತ್ರ ಒಡೆಯಿತು. ಸಸೆಕ್ಸ್, ಹ್ಯಾಂಪ್‌ಶೈರ್, ವಿಲ್ಟ್‌ಶೈರ್, ಬರ್ಕ್‌ಶೈರ್‌ಗೂ ಗಲಭೆ ಹಬ್ಬಿ, ಹೆಚ್ಚುಕಡಿಮೆ ನಾನೂರು ರಾಶಿ ಯಂತ್ರಗಳು ಸುತ್ತಿಗೆ, ಕೊಡಲಿಗೆ ಬಲಿಯಾದವು. ಬಣವೆಗಳಿಗೆ ಬೆಂಕಿ ಬಿತ್ತು. ಕೆಲವು ರೈತರು ತಾವೇ ಯಂತ್ರ ಬಿಚ್ಚಿ ಅಂಗಳಕ್ಕೆ ಹಾಕಿದರು. ಕೂಲಿ ಏರಿಸಬೇಕಾದರೆ ಚರ್ಚಿನ ದಶಾಂಶ ತೆರಿಗೆ, ಗೇಣಿ ಇಳಿಯಲಿ ಎಂದು ಗುಂಪಿನ ಜೊತೆ ನಿಂತ ರೈತರೂ ಇದ್ದರು.

ಪ್ರಶ್ನೆ: ಅವರ ನಾಯಕ ಕ್ಯಾಪ್ಟನ್ ಸ್ವಿಂಗ್ ಯಾರು? (ಶಹಾಪುರ)

ಉತ್ತರ: ಅಂಥ ವ್ಯಕ್ತಿ ಇರಲಿಲ್ಲ. ಬೆದರಿಕೆ ಪತ್ರಗಳ ಕೆಳಗೆ ಹಾಕುತ್ತಿದ್ದ ಹೆಸರು ಅದು. ಪ್ರತಿ ಊರಿನ ಗುಂಪನ್ನೂ ಅಲ್ಲಿನವರೇ ಮುನ್ನಡೆಸುತ್ತಿದ್ದರು.

ಪ್ರಶ್ನೆ: ಶಿಲ್ಲಿಂಗ್ ಲೆಕ್ಕದ ಕೂಲಿ ಎಷ್ಟು ಕಡಿಮೆ ಎಂದು ತಿಳಿಯುವುದು ಹೇಗೆ? (ಬೀದರ್, ಬಿ.ಎ. ವಿದ್ಯಾರ್ಥಿನಿ)

ಉತ್ತರ: ರೂಪಾಯಿಗೆ ತಿರುಗಿಸಬೇಡಿ, ರೊಟ್ಟಿಗೆ ತಿರುಗಿಸಿ. ಒಂದು ಶಿಲ್ಲಿಂಗಿಗೆ 12 ಪೆನ್ಸ್. 1795ರಲ್ಲಿ ಬರ್ಕ್‌ಶೈರ್‌ನ ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ ಸೇರಿದ ನ್ಯಾಯಾಧಿಕಾರಿಗಳು ಒಂದು ದರಪಟ್ಟಿ ಮಾಡಿದರು. ಸುಮಾರು 4 ಕಿಲೋ ತೂಗುವ ಬ್ರೆಡ್ಡಿಗೆ 1 ಶಿಲ್ಲಿಂಗ್ ಇದ್ದಾಗ ವಾರಕ್ಕೆ ಗಂಡಾಳಿಗೆ 3 ಶಿಲ್ಲಿಂಗ್, ಹೆಂಡತಿಗೂ ಪ್ರತಿ ಮಗುವಿಗೂ ಒಂದೂವರೆ ಶಿಲ್ಲಿಂಗ್. ಗಂಡ, ಹೆಂಡತಿ, ಮೂವರು ಮಕ್ಕಳಿದ್ದರೆ 9 ಶಿಲ್ಲಿಂಗ್, ಅಂದರೆ ಒಂಬತ್ತು ಬ್ರೆಡ್ಡು. ಕೂಲಿ ಇದಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಬಡವರ ಪರಿಹಾರಕ್ಕೆಂದು ಚರ್ಚ್ ವಲಯ ಎತ್ತುವ ತೆರಿಗೆಯಿಂದ ತುಂಬಬೇಕು. ಕೆಟ್ಟದ್ದು ಇಲ್ಲೇ: ಕೊರತೆ ತುಂಬುವವರು ಇದ್ದಾರೆಂದು ಮಾಲೀಕರು ಕೂಲಿಯನ್ನು ಕೆಳಗೇ ಇಟ್ಟರು.

ಈ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಸುಗ್ಗಿಯ ದರವನ್ನು 52 ವಾರಕ್ಕೆ ಗುಣಿಸುತ್ತಾರೆ. ಮಳೆ, ಹಿಮ ಬಿದ್ದ ದಿನ ಕೂಲಿಯೇ ಇಲ್ಲ. ಆದ್ದರಿಂದ ಸುಗ್ಗಿಯ ವಾರಗಳು, ಸಾಮಾನ್ಯ ವಾರಗಳು, ಕೆಲಸವಿಲ್ಲದ ವಾರಗಳು ಎಂದು ಮೂರು ಬೇರೆ ಸಾಲು ಬರೆಯಿರಿ. ಹೆಂಡತಿ ಮಕ್ಕಳು ಕೊಯ್ದ ಹೊಲದಲ್ಲಿ ಆಯ್ದ ತೆನೆಯನ್ನು ಸೇರಿಸಿ, ಮನೆ ಬಾಡಿಗೆ, ಉರುವಲು ಕಳೆಯಿರಿ. ನಿಮ್ಮೂರಿನ ಕೂಲಿಯನ್ನು ಕಿಲೋ ಬಿಳಿಜೋಳದ ದರದಿಂದ ಭಾಗಿಸಿಯೂ ಹೀಗೇ ನೋಡಬಹುದು. ರಾಶಿ ಮುಗಿದ ನಂತರದ ತಿಂಗಳುಗಳನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಗಲಭೆಯಿಂದ ಅವರಿಗೆ ಸಿಕ್ಕಿದ್ದೇನು? (ಆಳಂದ)

ಉತ್ತರ: ಕೆಲವು ಊರುಗಳಲ್ಲಿ ಕೂಲಿ ಏರಿತು, ಯಂತ್ರ ಮರಳಿ ಬರುವುದು ತಡವಾಯಿತು. ಆದರೆ ತೆತ್ತ ಬೆಲೆ ಘೋರ. ಗಲಭೆಕೋರರು ಯಾರನ್ನೂ ಕೊಂದಿರಲಿಲ್ಲ. ಆದರೂ 19 ಜನರನ್ನು ಗಲ್ಲಿಗೇರಿಸಿದರು, ಸುಮಾರು 480 ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. 1834ರ ಹೊಸ ಕಾನೂನು ದುಡಿಯಬಲ್ಲ ಬಡವರ ಮನೆಗೆ ನೆರವು ತಲುಪುವುದನ್ನು ನಿಲ್ಲಿಸಿ, ಗಂಡ ಹೆಂಡತಿ ಮಕ್ಕಳನ್ನು ಬೇರೆ ಬೇರೆ ಇಡುವ ದುಡಿಮೆಮನೆಗೆ ದೂಡಲು ಹೊರಟಿತು. ಅದೇ ವರ್ಷ ಟಾಲ್‌ಪಡಲ್‌ ಎಂಬ ಹಳ್ಳಿಯ ಆರು ಕೂಲಿಗಳಿಗೆ ಸಂಘ ಕಟ್ಟಿ ರಹಸ್ಯ ಪ್ರಮಾಣ ಮಾಡಿದ್ದಕ್ಕೆ 7 ವರ್ಷ ಗಡೀಪಾರಿನ ಶಿಕ್ಷೆಯಾಯಿತು. ಜನ ಸಿಡಿದೆದ್ದು ಅರ್ಜಿ ಸಲ್ಲಿಸಿದ ಮೇಲೆ, 1836ರಲ್ಲಿ ಅವರಿಗೆ ಕ್ಷಮೆ ಸಿಕ್ಕಿತು. ಕೃಷಿ ಕೂಲಿಗಳ ರಾಷ್ಟ್ರೀಯ ಸಂಘ ನಿಂತದ್ದು 1872ರಲ್ಲಿ, ಜೋಸೆಫ್ ಆರ್ಚ್ ಮುಂದಾಳತ್ವದಲ್ಲಿ. ಹಳ್ಳಿಯ ಗಂಡಾಳುಗಳಲ್ಲಿ ಹೆಚ್ಚಿನವರಿಗೆ ಮತದ ಹಕ್ಕು 1884ರಲ್ಲಿ ಬಂತು. ಮರುವರ್ಷವೇ ಆರ್ಚ್ ಸಂಸತ್ತಿಗೆ ಆಯ್ಕೆಯಾದರು.